ಹಿಂಚಕ್ರದ ಕಲ್ಲು

ಇವತ್ತು ಬೆಳಿಗ್ಗೆ ಏಳೂಕಾಲಿಗೆ, ಯಳಂದೂರಿನ ನಮ್ಮ ಮನೆಯ ಗೇಟಿನಿಂದ ಎರಡು ಹೆಜ್ಜೆ ಆಚೆ, ಬಗ್ಗಿಕೊಂಡು ಕಾರಿನ ಹಿಂಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಎದುರುಮನೆಯಾತ ನಕ್ಕ. ರಸ್ತೆ ಮಳೆನೀರು ನಿಲ್ಲುವಷ್ಟು ಮಟ್ಟಸ, ನಗಬೇಕಾದ್ದೇ. ನೀವೂ ನಗಬಹುದು. ಆದರೆ ಕಲ್ಲು ಅಂಗೈಗೆ ತಣ್ಣಗೆ ತಾಗಿದಾಗಲೆಲ್ಲ ನನಗೆ ಸಿದ್ದರಾಜು ನೆನಪಾಗುತ್ತಾನೆ.

ಸಿದ್ದರಾಜು ಕೊಳ್ಳೇಗಾಲದಲ್ಲಿ ಗ್ಯಾರೇಜ್ ಇಟ್ಟಿದ್ದ. ನನ್ನ ಕಾರು ಅವನಲ್ಲಿ ಇದ್ದಷ್ಟು ದಿನ ನನ್ನ ಮನೆಯಲ್ಲಿ ಇರಲಿಲ್ಲ. ಶಾಗ್ಯದ ನಾಗಣ್ಣನ ಪರಿಚಯವಾದದ್ದೂ ಅಲ್ಲೇ. ಅವನ ಎಡಗಾಲಿಗೆ ಬಲವಿಲ್ಲ, ಕ್ಲಚ್ ತುಳಿಯಲಾರ. ಅದಕ್ಕೇ ಆಟೋಮ್ಯಾಟಿಕ್ ಗೇರಿನ ಹಳೆಯ ಜೀಪು. ಟ್ರೇಲರ್ ಎಳೆಯಲೆಂದು ದೊಡ್ಡ ಟರ್ಬೊ ಹಾಕಿಸಿ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡಿದ್ದ. ಗೇರ್‌ಬಾಕ್ಸ್ ಅದನ್ನು ತಾಳದೆ ಎರಡು ಸಲ ಒಳಗಿನ ಹಿಡಿತದ ಪ್ಲೇಟು ಸುಟ್ಟುಕೊಂಡಿತು. ಸಿದ್ದರಾಜು ಅದನ್ನು ಬಿಚ್ಚಿ, ಇದ್ದ ಜಾಗದಲ್ಲೇ ತೆಳುವಾದ ಪ್ಲೇಟುಗಳನ್ನು ಹೆಚ್ಚಾಗಿ ಕೂರಿಸಿ, ಆಯಿಲಿನ ಒತ್ತಡ ಏರಿಸಿ, ಅದು ತಣಿಯಲೆಂದು ಮುಂದೆ ಇನ್ನೊಂದು ಕೂಲರ್ ಕಟ್ಟಿದ. ಪಾರ್ಕಿಂಗಿಗೆ ಹಾಕಿದಾಗ ಗಾಡಿಯನ್ನು ಕಚ್ಚಿ ಹಿಡಿಯುವ, ಕಿರುಬೆರಳಿನಷ್ಟು ದಪ್ಪದ ಕೊಂಡಿಯೊಂದು ಒಳಗಿರುತ್ತದೆ. ಅದು ಮಾತ್ರ ಹಳೆಯದೇ ಉಳಿಯಿತು.

ಪರೀಕ್ಷೆಗೆ ಹನೂರು ದಾಟಿ ರಾಮಾಪುರದ ಕಡೆಯ ಏರಿಗೆ ಹೋದೆವು. ಟ್ರೇಲರಿನ ತುಂಬ ಮುಸುಕಿನ ಜೋಳ, ಮೂಟೆಗಳ ಮೇಲೆ ನಾಗಣ್ಣನ ಹೆಂಡತಿ ಕೆಂಪಮ್ಮ. ಜೀಪು ಒಮ್ಮೆಯೂ ಜಾರದೆ ಎಳೆಯಿತು. ಏರಿನ ನಡುವೆ ನಿಲ್ಲಿಸಿ, ಪಾರ್ಕಿಂಗಿಗೆ ಹಾಕಿ ನಾಗಣ್ಣ ಇಳಿದ. ಹ್ಯಾಂಡ್‌ಬ್ರೇಕ್ ಕೆಟ್ಟು ವರ್ಷಗಳಾಗಿದ್ದವು. ನಮ್ಮ ಕಡೆ ಆ ಕೆಲಸ ಕಲ್ಲಿನದು. ಕೆಂಪಮ್ಮ ಆಗಲೇ ಇಳಿದು ಜೀಪಿನ ಹಿಂಚಕ್ರಕ್ಕೆ ಒಂದನ್ನು ಕೊಟ್ಟಿದ್ದಳು. ಆಯಿಲ್ ಸೋರುತ್ತಿದೆಯೇ ನೋಡಲು ಅಡಿಗೆ ನುಸುಳುತ್ತಾ ಸಿದ್ದರಾಜು ನಕ್ಕ.

“ಇಷ್ಟ್ ಬಿಗಿ ಮಾಡಿವ್ನಿ, ಇನ್ನೂ ಕಲ್ ಕೊಟ್ಟಿದ್ದಯಲ್ಲಕ್ಕ. ತಗೀರಿ ಸಾ ಅದ, ನಿಂತ್ಕತದ.”

“ಇದ್ರೆ ನಿನ್ಗೇನಣ್ಣ ಭಾರ? ಇರ್ಲಿ ಬುಡು,” ಎಂದಳು ಕೆಂಪಮ್ಮ.

ಯಂತ್ರ ಬಲ್ಲವರ ಪಕ್ಷದಲ್ಲಿರುವ ಆಸೆ ನನಗೆ. ಕಲ್ಲು ಸಡಿಲವಾಗಿತ್ತು. ತೆಗೆದೆ.

ಗೇರ್‌ಬಾಕ್ಸಿನ ಒಳಗೆ ಟಕ್ ಎಂದಿತು, ಒಂದೇ ಸಲ. ಜೀಪು ಒಂದು ಮಾರು ಹಿಂದಕ್ಕೆ ಸರಿದು, ಟ್ರೇಲರ್ ಚರಂಡಿಗೆ ಇಳಿದ ಮೇಲೆ ನಿಂತಿತು. ಅಷ್ಟರಲ್ಲಿ ಮುಂದಿನ ಚಕ್ರ ಸಿದ್ದರಾಜುವಿನ ಎದೆಯನ್ನು ದಾಟಿತ್ತು. ಕೊಳ್ಳೇಗಾಲ ಮುಟ್ಟುವ ಮೊದಲೇ ಹೋದ. ಟಕ್ ಎಂದಾಗ ನಾನು ಹಿಂಚಕ್ರದಿಂದ ಮೂರು ಹೆಜ್ಜೆ ಎಡಕ್ಕೆ, ಎರಡೂ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದೆ.

ಪೊಲೀಸರು ಗೇರಿನ ಬಗ್ಗೆ ಕೇಳಿದರು, ಬ್ರೇಕಿನ ಬಗ್ಗೆ ಕೇಳಿದರು. ಕಲ್ಲಿನ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಂಪಮ್ಮ ನನ್ನ ಕೈಗಳನ್ನು ನೋಡಿದಳು.

ಕಲ್ಲು ಯಾಕೆಂದು ಯಾರು ಕೇಳಿದರೂ ಅಭ್ಯಾಸ ಎನ್ನುತ್ತಿದ್ದೆ. ಇವತ್ತು ಎದುರುಮನೆಯಾತನಿಗೆ ನಡೆದದ್ದನ್ನು ಹೇಳಿದೆ. ಈಗ ನಿಮಗೂ ಹೇಳಿದ್ದೇನೆ. ನಾನು ಏನಾದರೂ ಬಿಟ್ಟಿದ್ದರೆ ಕೇಳಿ ತಿಳಿಯಬಹುದು; ಕಣ್ಣಾರೆ ಕಂಡವರು ಇನ್ನಿಬ್ಬರು ಶಾಗ್ಯದಲ್ಲಿ ಇದ್ದಾರೆ: ನಾಗಣ್ಣ, ಕೆಂಪಮ್ಮ.