ಎತ್ತಿಟ್ಟವನು, ಇಟ್ಟುಕೊಂಡವನು

ನಾನು ದೇವದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯ ಮಾತು ದಖ್ಖನಿ. ನನ್ನ ಖಾಲಾ, ಅಂದರೆ ಅವ್ವನ ತಂಗಿ, ನಮ್ಮೂರ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುತ್ತಾಳೆ. ಕನ್ನಡ ಅವಳಿಗೆ ವ್ಯಾಪಾರಕ್ಕೆ ಸಾಲುವಷ್ಟು ಬರುತ್ತದೆ, ಅಷ್ಟೇ.

ಒಂದು ಸೋಮವಾರ ಮಾನ್ವಿ ಬಸ್ಸು ಹತ್ತುವ ನೂಕಾಟದಲ್ಲಿ ಒಬ್ಬ ಹೆಂಗಸಿನ ಚೀಲ ಬಿತ್ತು. ಆಮೇಲೆ ಅದು ಸಿಕ್ಕಿತು, ಒಳಗಿದ್ದ ಬಂಗಾರದ ಸರ ಮಾತ್ರ ಇರಲಿಲ್ಲ. ಪೊಲೀಸರು ಕೇಳಿದಾಗ ಖಾಲಾ ಕಂಡದ್ದನ್ನು ದಖ್ಖನಿಯಲ್ಲೇ ಹೇಳಿದಳು. ಚೀಲ ಎತ್ತಿದವನು ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ ಮಾಡುವವನು, ತನ್ನ ಬಳಿ ಹಣ್ಣು ಕೊಳ್ಳುವವನು ಎಂದೂ ಹೇಳಿದಳು. ಎರಡೇ ದಿನಕ್ಕೆ ಅವನನ್ನು ಹಿಡಿದು ರಾಯಚೂರು ಜೈಲಿಗೆ ಕಳಿಸಿದರು.

ಸುದ್ದಿ ಕೇಳಿದ ಖಾಲಾಳ ಕೈ ಊಟದ ತಟ್ಟೆಯಲ್ಲೇ ನಿಂತಿತು. "ಉನೆ ಥೈಲಿ ಉಠಾಕೊ ಬೆಂಚ್ ಪೊ ರಖ್ಯಾ, ಇತ್ತಾಚ್," ಎಂದಳು. ಅವನು ಚೀಲ ಎತ್ತಿ ಬೆಂಚಿನ ಮೇಲೆ ಇಟ್ಟ, ಅಷ್ಟೇ.

ಮರುದಿನ ರಜೆ ಹಾಕಿ ಅವಳೊಂದಿಗೆ ಠಾಣೆಗೆ ಹೋದೆ. ಹೇಳಿಕೆ ಬರೆದುಕೊಂಡಿದ್ದ ಪೇದೆ ಅದನ್ನು ಓದಿದ: 'ಸದರಿ ಆರೋಪಿತನು ಚೀಲವನ್ನು ಎತ್ತಿಕೊಂಡು ಇಟ್ಟುಕೊಂಡಿರುತ್ತಾನೆ.' ಬೆಂಚಿನ ಮಾತೇ ಇಲ್ಲ. ದಖ್ಖನಿಯ 'ಉಠಾಕೊ' ಎಂದರೆ ಬರೀ 'ಎತ್ತಿ'. ಅವನ ಕಿವಿಗೆ ಅದು 'ಎತ್ತಿಕೊಂಡು' ಎಂದು ಕೇಳಿತ್ತು, ಅದರ ಬೆನ್ನಿಗೆ 'ರಖ್ಯಾ', ಅಂದರೆ 'ಇಟ್ಟ' ಎಂಬುದೂ 'ಇಟ್ಟುಕೊಂಡ' ಆಗಿತ್ತು.

"ಎರಡೂ ಒಂದ ಅಲ್ಲೇನ್ರಿ ಟೀಚರ್?" ಅಂದ.

"ಒಂದ ಆಗಿದ್ರ ಅವ ಯಾಕ ಜೈಲಿನ್ಯಾಗ ಅದಾನ್ರಿ?"

ಪೇದೆ ಕೆಟ್ಟವನಲ್ಲ, ಚಹಾ ತರಿಸಿದ. ಆದರೆ ಕಂಪ್ಯೂಟರಿಗೆ ಏರಿಸಿಯಾಗಿದೆ, ಸಾಹೇಬರು ರಾಯಚೂರಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದ. ಮರುದಿನ ಹೋದರೆ ಎಲ್ಲರೂ ಬಂದೋಬಸ್ತಿಗೆ ಹೋಗಿದ್ದರು. ಮೂರನೆಯ ಸಲ ಸಾಹೇಬರು ಸಿಕ್ಕಿದರು, ಆತ ನಿಮಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದರೆ ನಂಬಲಿಲ್ಲ. ಹೊರಗೆ ಬಂದ ಮೇಲೆ ಖಾಲಾ ನನ್ನ ಮೇಲೇ ರೇಗಿದಳು. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು, ಅಲ್ಲಿ ಬಂಡಿಯ ಹಣ್ಣು ಕಪ್ಪಾಗುತ್ತಿದೆ ಎಂದಳು. ನನಗೂ ತಲೆ ಕೆಟ್ಟುಹೋಗಿತ್ತು. ಎಂಟನೆಯ ತರಗತಿಯ ಮಕ್ಕಳು ಇದೇ ತಪ್ಪು ಮಾಡಿದರೆ ನಾನು ಅರ್ಧ ಅಂಕ ಕಳೆದು ಮುಂದಿನ ಹಾಳೆ ತಿರುಗಿಸುತ್ತೇನೆ.

ಕೊನೆಗೆ ಆತನ ವಕೀಲರನ್ನು ಹುಡುಕಿ ಹಿಡಿದೆ. ಅವರು ಮೇಲಿನವರಿಗೆ ಅರ್ಜಿ ಬರೆದರು, ತನಿಖೆ ಬೇರೊಬ್ಬ ಅಧಿಕಾರಿಯ ಕೈಗೆ ಹೋಯಿತು. ಆಕೆ ನನ್ನನ್ನು ಹೊರಗೆ ಕೂರಿಸಿ, ದಖ್ಖನಿ ಬಲ್ಲ ಬೇರೆಯವರನ್ನು ಕರೆಸಿ, ರೆಕಾರ್ಡ್ ಮಾಡುತ್ತ ಖಾಲಾಳನ್ನು ಮತ್ತೆ ಕೇಳಿದರು. ಬರೆದದ್ದನ್ನು ಅವಳ ಮಾತಿನಲ್ಲೇ ಅವಳಿಗೆ ಓದಿ ಹೇಳಿಸಿದರು. ಎಲ್ಲ ಸೇರಿ ಕಾಲು ಗಂಟೆ ಹಿಡಿಯಿತು. ಬೆಂಚು ಎಂದ ಕೂಡಲೇ ಆಕೆ ಅದರ ಎದುರಿನ ಮೆಡಿಕಲ್ ಅಂಗಡಿಯ ಕ್ಯಾಮೆರಾದ ದೃಶ್ಯ ತೆಗೆಸಿ ನೋಡಿದರು. ಆತ ಚೀಲ ಇಟ್ಟು ಬಸ್ಸು ಹತ್ತಿದ್ದ. ಆಮೇಲೆ ಅದರೊಳಗೆ ಕೈ ಹಾಕಿದವನು ಬೇರೆ.

ಬಿಡುಗಡೆಯಾಗಿ ಬಂದವನು ಒಮ್ಮೆ ಬಂಡಿಯ ಹತ್ತಿರ ನಿಂತ. ನಾನೂ ಅಲ್ಲೇ ಇದ್ದೆ. ಗುತ್ತಿಗೆದಾರ ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿಕೊಂಡಿದ್ದನಂತೆ.

"ಇನ್ನ ಮ್ಯಾಲ ಯಾರ್ದು ಏನ ಬಿದ್ರೂ ನಾ ಮುಟ್ಟಂಗಿಲ್ರಿ ಯವ್ವಾ," ಎಂದ.