ಅರಿವೆ ಸೀಟಿನ ಮೋಟಾರು

ನಮ್ಮ ಕಾಕಾ ಮೋಟಾರು ತಗೊಳ್ಳುತ್ತಾರೆಂಬ ಸುದ್ದಿ ಮೂಡಲಗಿಯ ಪೇಟೆಯಲ್ಲಿ ಎರಡು ವರ್ಷ ತಿರುಗಾಡಿತು. ಮೋಟಾರು ಮಾತ್ರ ಬರಲಿಲ್ಲ. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಬೆಲ್ಲದ ಅಂಗಡಿ, ಹೊಲ, ಮನೆ ಎಲ್ಲವೂ ಅವರ ಹೆಗಲಿಗೆ ಬಿದ್ದಿದ್ದವು. ಅಂಗಡಿಯಲ್ಲಿ ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ, ಮೋಟಾರಿನ ವಿಷಯ ಬಂತೆಂದರೆ ಮಾತ್ರ ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಟ್ಟು ಸರಿಯಾಗಿ ಕೂರುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿದ್ದ ಕಾಲ ಅದು.

ಪ್ರತಿ ಭಾನುವಾರ ಅಂಗಡಿಯ ಕಟ್ಟೆಯ ಮೇಲೆ ನಾವು ನಾಲ್ವರು ಸೇರುತ್ತಿದ್ದೆವು. ಕಾಕಾ ಒಬ್ಬರು. ಗೋಕಾಕದಿಂದ ಬಸ್ಸು ತರುತ್ತಿದ್ದ ಡ್ರೈವರ್ ಒಬ್ಬ. ಅವನ ಬಸ್ಸು ಮಧ್ಯಾಹ್ನದವರೆಗೆ ನಮ್ಮ ಅಂಗಡಿಯ ಎದುರಿನ ಬೇವಿನ ನೆರಳಿಗೆ ನಿಲ್ಲುತ್ತಿತ್ತು. ಅದೇ ಬಸ್ಸಿನಲ್ಲಿ ಬರುತ್ತಿದ್ದ ಮಿಲ್ಲಿನ ಫಿಟ್ಟರ್ ಇನ್ನೊಬ್ಬ. ನಾಲ್ಕನೆಯವನು ನಾನು. ನನಗಾಗ ಇಪ್ಪತ್ತಮೂರು. ಮುಂಬಯಿಯಿಂದ ಬರುವ ಇಂಗ್ಲಿಷ್ ಪತ್ರಿಕೆಯ ಮೋಟಾರು ಜಾಹೀರಾತುಗಳನ್ನು ಓದಿ ಅರ್ಥ ಹೇಳುವುದು ನನ್ನ ಕೆಲಸ. ನಾಲ್ವರಲ್ಲಿ ಒಬ್ಬರಿಗೂ ಸ್ವಂತದ್ದೊಂದು ಗಾಲಿ ಇರಲಿಲ್ಲ. ಮಾತು ಕೇಳಿದವರು ಮಾತ್ರ ಹಿತ್ತಲಲ್ಲಿ ಹತ್ತು ಮೋಟಾರು ಕಟ್ಟಿದ್ದೇವೆಂದು ತಿಳಿಯಬೇಕು, ಹಾಗೆ ಮಾತಾಡುತ್ತಿದ್ದೆವು.

ಆ ವರ್ಷದ ಜಗಳವೆಲ್ಲ ಒಂದೇ ಗಾಡಿಯ ಮೇಲೆ. ಅಮೇರಿಕದ ಒಂದು ಕಂಪನಿ, ಒಂದು ಕಾಲಕ್ಕೆ ಬಲು ಹೆಸರಿನದು, ಆಗ ಸೋಲುತ್ತ ಬಂದಿತ್ತು. ಕಟ್ಟೆಯ ಮೇಲೆ ಅದಕ್ಕೆ ‘ಮುಳುಗೂ ಕಂಪನಿ’ ಎಂದೇ ಹೆಸರು. ಆ ಕಂಪನಿ ಕೊನೆಯ ಪ್ರಯತ್ನವೆಂಬಂತೆ ಒಂದು ಹೊಸ ಸೆಡಾನ್ ತಂದಿತ್ತು. ಹಡಗಿನಲ್ಲಿ ಮುಂಬಯಿಗೆ ಬಂದು, ಅದರಲ್ಲೊಂದು ಬೆಳಗಾವಿಯ ಏಜೆಂಟನ ಹತ್ತಿರ ನಿಂತಿತ್ತು. ನಮ್ಮ ಕಡೆ ಓಡಾಡುತ್ತಿದ್ದ ಮೋಟಾರುಗಳೆಲ್ಲ ಮೇಲೆ ಮಡಚುವ ಹುಡ್ಡಿನವು, ನಾಲ್ಕೂ ಕಡೆ ಬಯಲು. ಇದು ಹಾಗಲ್ಲ, ಗಟ್ಟಿ ಮಾಳಿಗೆ, ಸುತ್ತ ಗಾಜು. ನಮ್ಮವರು ಅದನ್ನು ‘ಪೆಟಿಗಿ ಗಾಡಿ’ ಅಂದರು.

“ಅಲ್ರೀ ಸಾವ್ಕಾರ್ರ, ಮುಳುಗೂ ಕಂಪನಿ ಗಾಡಿ ತಗೊಂಡು ಏನ್ ಮಾಡಾವ್ರದೀರಿ? ನಾಳೆ ಒಂದು ನಟ್ಟು ಹ್ವಾದ್ರ ಅಮೇರಿಕಾಕ್ಕ ಕಾಗದ ಬರ್ಯಾವ್ರೇನು?” ಎಂದು ಫಿಟ್ಟರ್ ಶುರು ಮಾಡುತ್ತಿದ್ದ.

“ನಟ್ಟಿಗೆ ಅಮೇರಿಕಾ ಯಾಕ ಬೇಕೋ ದೋಸ್ತ? ನೀ ಅದೀಯಲ್ಲ. ದಿನಾ ಮಿಲ್ಲಿಗೆ ಹೋಗಿ ಏನ್ ಮಾಡ್ತಿ ಮತ್ತ?” ಎಂದು ಡ್ರೈವರ್.

“ನಾ ಅಲ್ಲೆ ಯಂತ್ರ ನಡಸ್ತೇನಿ. ನಿನ್ನಂಗ ಕುರಿ ಕೋಳಿ ಹೇರೂದಿಲ್ಲ.”

“ಆ ಕುರಿ ಕೋಳಿ ಜೋಡಿ ಐತವಾರಕ್ಕೊಮ್ಮೆ ನೀನೂ ಬರ್ತಿ ನೋಡು!”

ಕಾಕಾ ನಗುತ್ತ ಕೇಳುತ್ತಿದ್ದರು. ಫಿಟ್ಟರ್ ಸೋಲುವವನಲ್ಲ. ಒಂದು ದಿನ ಆ ಗಾಡಿಯ ತಪ್ಪು ಎಣಿಸುತ್ತ ಎಣಿಸುತ್ತ ಕೊನೆಗೆ, “ಇನ್ನ ಸೀಟಿನ ಸುದ್ದಿ ಕೇಳ್ರಿ. ಚರ್ಮದ್ದಲ್ಲ, ಅರಿವಿ! ಮೋಟಾರಿಗೆ ಅರಿವಿ ಸೀಟು! ನಮ್ಮ ಧೂಳಿಗೆ ಎರಡು ತಿಂಗಳನ್ಯಾಗ ಕೌದಿ ಆಗತೈತಿ,” ಅಂದ. ಎಲ್ಲರೂ ನಕ್ಕೆವು. ಬಯಲು ಗಾಡಿಗೆ ಮಳೆ ಬಿಸಿಲು ತಾಗುವುದರಿಂದ ಚರ್ಮದ ಸೀಟು ಬೇಕು. ಮುಚ್ಚಿದ ಗಾಡಿಗೆ ಬಟ್ಟೆ ಸಾಕು. ಅಷ್ಟೇ ವಿಷಯ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಬಾಗಿಲ ಮರೆಯಿಂದ ಅವ್ವ ನನ್ನನ್ನು ಕರೆದಳು.

“ಅರಿವಿ ಅಂದ್ನಲ್ಲ ಆ ಫಿಟ್ಟರ್, ಖರೇನ?”

“ಹೌದವ್ವಾ. ಪೇಪರಿನ್ಯಾಗೂ ಹಂಗ ಬರದೈತಿ.”

“ಒಳಗ ಏನ ತುಂಬಿರ್ತಾರ ಕೇಳು.”

ಕೇಳಿ ಬಂದೆ. ಸ್ಪ್ರಿಂಗು, ಅರಳೆ ಎಂದು ಫಿಟ್ಟರ್ ಹೇಳಿದ್ದ. ಅವ್ವ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆಯನ್ನು ಎಷ್ಟೋ ಹೊತ್ತು ಕೆಳಗಿಡಲೂ ಇಲ್ಲ.

ಅಪ್ಪ ತೀರಿಕೊಂಡ ವರ್ಷ ಊರಿಗೆ ಬಂದ ಮುನಿಗಳ ಮುಂದೆ ಅವ್ವ ನೇಮ ಹಿಡಿದಿದ್ದಳು: ಚರ್ಮ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ನಮ್ಮ ಜೈನರ ಮನೆಗಳಲ್ಲಿ ಎಲ್ಲರಿಗೂ ಇದ್ದದ್ದೇ. ಚರ್ಮದ ನೇಮ ಮಾತ್ರ ಅವಳನ್ನು ಮೂಡಲಗಿಯಲ್ಲೇ ಕಟ್ಟಿಹಾಕಿತು. ಬಸ್ಸಿನ ಸೀಟಿನ ಕರೀ ಹೊದಿಕೆ ಚರ್ಮವೋ ಅಲ್ಲವೋ ಎಂದು ಆಣೆ ಮಾಡಿ ಹೇಳುವವರು ಯಾರೂ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋಗೋಣವೆಂದರೆ ಅವಳ ಬೆನ್ನು ಆ ಕುಲುಕಾಟ ತಡೆಯದು. ಅವಳ ತವರು ಕಣಗಲಾ. ಮೂಡಲಗಿಯಿಂದ ಗಾಡಿಯಲ್ಲಿ ಎರಡು ದಿನದ ಹಾದಿ. ಅಲ್ಲೇ, ಅದೇ ಊರಿಗೇ ಕೊಟ್ಟ ಒಬ್ಬಳೇ ತಂಗಿ ಇದ್ದಳು, ನನ್ನ ಚಿಗವ್ವ. ಹಾಸಿಗೆ ಹಿಡಿದ ಅತ್ತೆ, ಹಟ್ಟಿ ತುಂಬ ದನ. ಅವಳೂ ಒಂದು ದಿನಕ್ಕಿಂತ ಹೆಚ್ಚು ಮನೆ ಬಿಡುವಂತಿರಲಿಲ್ಲ. ಅಕ್ಕ ತಂಗಿ ಮುಖ ನೋಡಿ ಆರು ವರ್ಷವಾಗಿತ್ತು. ಅವ್ವ ಹೇಳಿದ್ದನ್ನು ನಾನು ಕಾರ್ಡಿನಲ್ಲಿ ಬರೆಯುತ್ತಿದ್ದೆ. “ಎಲ್ಲಾ ಆರಾಮ ಅಂತ ಬರಿ” ಎನ್ನುವಳು. ಬರೆದು ಮುಗಿಸಿ ತಲೆಯೆತ್ತಿದರೆ ಕಾರ್ಡಿನ ಖಾಲಿ ಜಾಗವನ್ನೇ ನೋಡುತ್ತ ಕುಳಿತಿರುವಳು.

ಕಟ್ಟೆಯವರು ತಪ್ಪೆಂದು ಹೆಸರಿಟ್ಟು ನಕ್ಕ ಸೀಟೇ ಅವಳಿಗೆ ಬಾಗಿಲಾಯಿತು ನೋಡಿ. ಅಂದಿನಿಂದ ನಾನು ಆ ಗಾಡಿಯ ಪಕ್ಷ. ಫಿಟ್ಟರ್ ಏನೇ ಅಂದರೂ ನನ್ನಲ್ಲಿ ಉತ್ತರವಿತ್ತು. ಕಡೆಗೆ ಕಾಕಾ ಏಜೆಂಟನಿಗೆ ಪತ್ರ ಬರೆಸಿದರು: ಗಾಡಿ ಕಳಿಸು, ಹುಕ್ಕೇರಿತನಕ ಓಡಿಸಿ ನೋಡುತ್ತೇವೆ.

“ಕಾಕಾ, ಅವ್ವನೂ ಬರ್ಲಿ,” ಅಂದೆ.

ಅವರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಿರದ್ದೇನಲ್ಲ. “ವೈನಿ ಬರ್ಲಿ. ಗಾಡಿ ಪಸಂತ ಬಿದ್ರ ಮುಂದ ಕಣಗಲಾತನಕನೂ ಕರ್ಕೊಂಡು ಹೋಗಾಕ ಬರತೈತಿ,” ಅಂದರು. ಹುಕ್ಕೇರಿಗೆ ಬಾ ಎಂದು ಚಿಗವ್ವನಿಗೆ ಅಂದೇ ಕಾರ್ಡು ಹಾಕಿದೆ.

ಗಾಡಿ ಬಂತು. ಸೀಸದ ಬಣ್ಣ, ಬಾವಿಯ ನೀರಿನಂಥ ಹೊಳಪು. ಅವ್ವ ಮೊದಲು ಬಾಗಿಲಲ್ಲಿ ಬಗ್ಗಿ ಸೀಟನ್ನು ಅಂಗೈಯಿಂದ ಸವರಿದಳು, ಅಂಚನ್ನು ಉಗುರಿನಿಂದ ಎತ್ತಿ ನೋಡಿದಳು. ಆಮೇಲೆ ಹತ್ತಿ ಕುಳಿತಳು. ಗೋಕಾಕದಲ್ಲಿ ಡ್ರೈವರನೂ ಫಿಟ್ಟರನೂ ಹತ್ತಿಕೊಂಡರು. ಅಲ್ಲಿಂದ ಹುಕ್ಕೇರಿಯವರೆಗೆ ಗಾಡಿಯಲ್ಲಿ ಗದ್ದಲವೋ ಗದ್ದಲ. ಏರು ಬಂದರೆ ಡ್ರೈವರ್, “ನೋಡ್ರಿ, ಉಸಿರ ಸೈತ ಬಿಡಲಿಲ್ಲ!” ಅನ್ನುವನು, ತಗ್ಗು ಬಂದರೆ ಫಿಟ್ಟರ್, “ಕೇಳ್ರಿ, ಎಲುಬು ಲಟಕ್ಕಂದ್ವು!” ಅನ್ನುವನು. ಗಾಡಿ ನಡೆಸುತ್ತಿದ್ದ ಏಜೆಂಟನ ಮನುಷ್ಯನಿಗೆ ಪಾಪ, ಬಾಯಿ ತೆರೆಯಲೂ ಪುರಸತ್ತು ಸಿಗಲಿಲ್ಲ. ಅವ್ವ ಗಾಜಿಗೆ ಹಣೆ ಹಚ್ಚಿ ಹೊಲಗಳನ್ನು ನೋಡುತ್ತಿದ್ದಳು. ಬೆನ್ನು ನೋಯುತ್ತದೆಯೇ ಎಂದರೆ, “ಎಲ್ಲೀ ಬೆನ್ನೋ?” ಅಂದಳು.

ಹುಕ್ಕೇರಿಯ ಹೊರಗೆ ಆಲದ ಕೆಳಗೆ ಚಿಗವ್ವನ ಗಾಡಿ ಆಗಲೇ ಬಂದು ಎತ್ತು ಬಿಚ್ಚಿ ನಿಂತಿತ್ತು. ಅವಳು ನಸುಕಿನಲ್ಲೇ ಹೊರಟಿದ್ದಳಂತೆ. ಮೋಟಾರಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

“ಬಾ, ಒಳಗ ಬಾ. ಅರಿವಿನ ಐತಿ,” ಅಂದಳು ಅವ್ವ.

“ಕಾಲಿಗೆ ಸಗಣಿ ಐತೆಕ್ಕಾ.”

“ಇರ್ಲಿ ಬಾ.”

ಬಾಗಿಲು ಮುಚ್ಚಿತು. ನಾವು ಐವರು ಗಂಡಸರು ಮುಂದೆ ಹೋಗಿ ಬಾನೆಟ್ ತೆಗೆದು ನಿಂತೆವು.

ಕಾಲು ತಾಸಿನಲ್ಲಿ ತೀರ್ಪು ಆಗಿಹೋಯಿತು. ಫಿಟ್ಟರ್ ಬೆರಳಿನಿಂದ ಅಲ್ಲಿ ಮುಟ್ಟಿ ಇಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿ, ಎದ್ದು ನಿಂತು ಕೈ ಒರೆಸಿಕೊಂಡ. “ಸುಳ್ಳ್ಯಾಕ ಹೇಳ್ಲಿ ಸಾವ್ಕಾರ್ರ, ಎಂಜಿನ್ ಚಲೋ ಐತಿ. ಕಂಪನಿ ಮುಳುಗಿದ್ರೂ ಇದು ಮುಳುಗಂಗಿಲ್ಲ.” ಡ್ರೈವರ್ ಅವನ ಬೆನ್ನಿಗೆ ಗುದ್ದಿ, “ಈಗ ಬಂದಿ ನೋಡು ಹಾದಿಗೆ!” ಅಂದ. ಕಾಕಾ ಟೋಪಿ ಹಾಕಿಕೊಂಡರು. ಹಾಕಿಕೊಂಡರೆಂದರೆ ಹೊರಟರು ಎಂದೇ ಅರ್ಥ. ಹೊತ್ತು ಮುಳುಗುವುದರೊಳಗೆ ಮೂಡಲಗಿ ಮುಟ್ಟಬೇಕಲ್ಲ.

ನಾನು ಗಾಜಿನೊಳಗೆ ಇಣುಕಿದೆ. ನಮ್ಮ ಕಡೆ ಹೆಂಗಸರು ಬಹಳ ದಿನಕ್ಕೆ ಕೂಡಿದರೆ ಮೊದಲು ಅತ್ತು ಮುಗಿಸುತ್ತಾರೆ, ಆಮೇಲೆ ಮಾತು. ಚಿಗವ್ವನ ಅಳು ಇನ್ನೂ ಮುಗಿದಿರಲಿಲ್ಲ. ಮಾತು ಶುರುವೇ ಆಗಿರಲಿಲ್ಲ.

“ಕಾಕಾ, ಒಂದು ಮಾತು,” ಅಂದೆ. “ಇದರ ಬ್ರೇಕು ಎಣ್ಣಿ ಬ್ರೇಕು. ಕಬ್ಬಿಣದ ಸಳಿ ಬ್ರೇಕಲ್ಲ. ಹತ್ತರಗಿ ಹಾದ್ಯಾಗ ಕಲ್ಲು ಸಿಡದು ಎಣ್ಣಿ ನಳಿಗಿ ಒಡೀತಂದ್ರ?”

ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ತಿಂಗಳು ನಾನೇ ಕಟ್ಟೆಯ ಮೇಲೆ ಕೊಡುತ್ತ ಬಂದಿದ್ದೆ. ಆದರೆ ಕಾಕಾ ಟೋಪಿ ತೆಗೆದರು. ಫಿಟ್ಟರನ ಕಣ್ಣು ಅರಳಿತು. ಡ್ರೈವರ್, “ಏನ್ ಸಣ್ಣ ಸಾವ್ಕಾರ್ರ, ಪಾರ್ಟಿ ಬದಲಿ ಮಾಡಿದ್ರೇನು?” ಎಂದು ರೇಗಿಸಿದ. ಬ್ರೇಕಿನ ಮೇಲೆ ಅರ್ಧ ತಾಸು ನಡೆಯಿತು. ಅದು ತಣ್ಣಗಾಗುವಷ್ಟರಲ್ಲಿ ನಾನು ಗಾಜು ಹಿಡಿದೆ: ಒಂದು ಗಾಜು ಒಡೆದರೆ ಇಷ್ಟು ದೊಡ್ಡ ಗಾಜು ಎಲ್ಲಿಂದ ತರುವುದು? ಗಾಜು ಮುಗಿಯಿತೆನ್ನುವಾಗ ಮಾಳಿಗೆ ಹಿಡಿದೆ: ನಟ್ಟನಡುವೆ ತಗಡಿಲ್ಲ, ಮೇಣದ ಅರಿವೆಯ ತೇಪೆ ಹಾಕಿದ್ದಾರೆ, ಮಳೆಗಾಲಕ್ಕೆ ಸೋರುವುದಿಲ್ಲವೇ? ಫಿಟ್ಟರ್ ಗಾಡಿಯ ಮೇಲೆ ಹತ್ತಿ ಆ ತೇಪೆಯನ್ನು ಒತ್ತಿ ಒತ್ತಿ ನೋಡಿದ. ನಡುನಡುವೆ ನಾನು ಒಳಗೆ ನೋಡುತ್ತಿದ್ದೆ. ಅಳು ನಿಂತಿತ್ತು. ಚಿಗವ್ವ ಕೈ ಬೀಸಿ ಏನೋ ಹೇಳುತ್ತಿದ್ದಳು, ಅವ್ವ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು. ಅವ್ವ ಹಾಗೆ ನಕ್ಕದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ಇನ್ನೊಂದು ತಪ್ಪು ಹುಡುಕಿದೆ, ಮತ್ತೊಂದು ಹುಡುಕಿದೆ. ಕಾಕಾ ಮನಸ್ಸು ಮಾಡಿಯಾಗಿದೆ, ಇದೆಲ್ಲ ಬರೀ ಹೊತ್ತು ಕಳೆಯುವ ಮಾತು ಎಂದುಕೊಂಡಿದ್ದೆ. ಕಾಕಾ ನಗುವುದನ್ನು ನಿಲ್ಲಿಸಿದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

“ಸಾಕು,” ಅಂದರು ಅವರು, ಬಾನೆಟ್ ತಾವೇ ಮುಚ್ಚಿ. “ತಮ್ಮಾ, ನೀ ಹೇಳೂದು ಖರೆ ಐತಿ. ಈ ಗಾಡಿ ಬ್ಯಾಡ.”

“ಕಾಕಾ, ನಾ ಸುಮ್ನ ಮಾತಿಗೆ ಅಂದ್ನಿ...”

“ಮಾತಿಗೆ ಅಂದ್ರೂ ಬರೋಬರಿ ಅಂದಿ.”

ಹೊರಗಿನವರ ಮುಂದೆ ಅವ್ವನ ಆಸೆಯನ್ನು ಎತ್ತಿ ಆಡುವ ರೀತಿ ನಮ್ಮ ಮನೆಯಲ್ಲಿರಲಿಲ್ಲ. ಆಮೇಲೆ ಒಬ್ಬರೇ ಸಿಕ್ಕಾಗ ಎಷ್ಟು ಬಗೆಯಲ್ಲಿ ಹೇಳಿ ನೋಡಿದೆ. ನಾನು ತೋರಿಸಿಕೊಟ್ಟ ತಪ್ಪುಗಳನ್ನೇ ಅವರು ಒಂದೊಂದಾಗಿ ನನಗೆ ತಿರುಗಿ ಹೇಳಿದರು. ಮುಂದಿನ ತಿಂಗಳು ದೊಡ್ಡ ಕಂಪನಿಯ ಹುಡ್ಡಿನ ಗಾಡಿ ಬಂತು, ಕೆಂಪು ಚರ್ಮದ ಸೀಟಿನದು. ಅವ್ವ ಅದಕ್ಕೆ ಆರತಿ ಮಾಡಿದಳು, ಹತ್ತಲಿಲ್ಲ. ಮೇಲೆ ಗಾದಿ ಹಾಸಿ ಕೊಡುತ್ತೇವೆಂದರೆ, “ಗಾದಿ ಹಾಸಿದ್ರ ಕೆಳಗಿಂದು ಇಲ್ಲಾಗತೈತೇನು?” ಅಂದಳು. ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಚೀಟಿ ಬಂತು, ಆ ಗಾಡಿಯೂ ಇಟ್ಟಂಗಿಯ ಮೇಲೆ ಏರಿತು. ಯುದ್ಧ ಮುಗಿಯುವ ಮೊದಲೇ ಚಿಗವ್ವ ತೀರಿಕೊಂಡಳು. ಅಕ್ಕ ತಂಗಿ ಮತ್ತೆ ಕೂಡಲಿಲ್ಲ.

ಆ ಸೀಸದ ಬಣ್ಣದ ಗಾಡಿಯನ್ನು ಸಂಕೇಶ್ವರದ ಕಡೆಯ ಡಾಕ್ಟರೊಬ್ಬರು ಕೊಂಡರು. ಕಂಪನಿ ಮುಳುಗಿತು, ಗಾಡಿ ಹತ್ತು ಹನ್ನೆರಡು ವರ್ಷ ಚೆನ್ನಾಗಿ ಓಡಿತು. ಹತ್ತರಗಿಯ ಹತ್ತಿರ ಎರಡು ಮೂರು ಸಲ ನನ್ನ ಎದುರಿಗೇ ಹಾದುಹೋಗಿದೆ. ನಡೆಸುವವರು ಯಾರೆಂದು ನಾನೆಂದೂ ನೋಡಿದವನಲ್ಲ. ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ನೋಡುತ್ತಿದ್ದೆ.

ಆ ದಿನ ವಾಪಸು ಬರುವಾಗ ಅವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಗೋಕಾಕದಲ್ಲಿ ಡ್ರೈವರನೂ ಫಿಟ್ಟರನೂ ಇಳಿದರು. ತುಕ್ಕಾನಟ್ಟಿ ದಾಟುವಾಗ ಹೊತ್ತು ಇಳಿದಿತ್ತು. ಮನೆ ಮುಟ್ಟುವುದರೊಳಗೆ ಮುಳುಗುವುದು ಖಂಡಿತ. ಕಾಕಾ ಹೊಲದ ಬದಿಗೆ ಗಾಡಿ ನಿಲ್ಲಿಸಲು ಹೇಳಿ, ತಮ್ಮ ಪಾಲಿನ ರೊಟ್ಟಿ ತೆಗೆದುಕೊಂಡು ಏಜೆಂಟನ ಮನುಷ್ಯನ ಜೊತೆ ಆಚೆ ಬದುವಿಗೆ ಹೋದರು. ಅವ್ವ ಚಿಗವ್ವ ಕೊಟ್ಟ ಗಂಟು ಬಿಚ್ಚಿದಳು. ಶೇಂಗಾದ ಹೋಳಿಗೆ ಇದ್ದವು. ನನ್ನ ಕೈಗೊಂದು ಕೊಟ್ಟಳು.

“ಪಂಚಮಿಗೆ ಬರ್ತೇನಿ, ಜೋಕಾಲಿ ಕಟ್ಟಸು ಅಂತ ಆಕಿಗೆ ಹೇಳಿ ಬಂದೇನಿ,” ಅಂದಳು. “ಗಾಡಿ ತಗೊಳ್ಳೂದು ಪಕ್ಕಾ ಆತಿಲ್ಲೋ?”

“ಇಲ್ಲವ್ವಾ.”

“ಯಾಕ? ಯಾರು ಬ್ಯಾಡಂದ್ರು?”

“ನಾನ.”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅವರು ಕಾಲು ತಾಸಿನ್ಯಾಗ ಮುಗಸಿಬಿಟ್ಟಿದ್ರವ್ವಾ. ಒಳಗ ನೀವಿನ್ನೂ ಅಳಾಕತ್ತಿದ್ರಿ. ಸ್ವಲ್ಪ ಹೊತ್ತು ಸಿಗ್ಲಿ ಅಂತ ಮಾತು ತಗದ್ನಿ. ಅದ ಮಾತು ಕಾಕಾನ ಮನಸ ಹೊಕ್ಕಿತು.”

ಅವ್ವ ಮುರಿದ ಹೋಳಿಗೆಯ ಚೂರನ್ನು ಬಾಯಿಗೆ ಒಯ್ಯದೆ ಹಿಡಿದೇ ಕುಳಿತಳು. “ಅಷ್ಟೂ ಹೊತ್ತು ನೀನ ಮಾತಾಡಿದೇನು?” ಅಂದಳು.

“ಹೂಂ.”

“ಏನೇನ ಅಂದಿ?”

ಬ್ರೇಕಿನದು ಹೇಳಿದೆ, ಗಾಜಿನದು ಹೇಳಿದೆ. ಮಾಳಿಗೆಯ ತೇಪೆಯ ಮಾತಿಗೆ ಬಂದಾಗ ಅವಳು ನಕ್ಕುಬಿಟ್ಟಳು. “ಅರಿವಿ ಐತಂತ ಹೆಸರಿಟ್ಟೇನೋ? ಅರಿವಿ ಐತಂತನ ನಾ ಹತ್ತಿದಾಕಿ.” ನಗು ಅರ್ಧಕ್ಕೇ ನಿಂತಿತು. “ಪಂಚಮಿಗೆ ಬರಂಗಿಲ್ಲಂತ ಆಕಿಗೊಂದು ಕಾರ್ಡ ಬರಿ. ನಾಳೆ ಬರಿ. ಇವತ್ತ ಬ್ಯಾಡ.”

ಹೊತ್ತು ಮುಳುಗಲು ಬಂದಿತ್ತು. ಅವಸರದಿಂದ ತಿಂದು, ಬಾಯಿ ತೊಳೆದುಕೊಂಡು ಗಾಡಿ ಹತ್ತಿದಳು. ನಾನು ಇನ್ನೊಂದು ಬದಿಯ ಬಾಗಿಲು ತೆಗೆದು ಅವಳ ಪಕ್ಕಕ್ಕೆ ಕೂರಲು ಹೋದೆ. ಸೀಟಿನ ಕೆಳಗೆ, ಚಿಗವ್ವ ಕಾಲಿಟ್ಟಲ್ಲಿ, ಒಣಗಿದ ಸಗಣಿಯ ಗುರುತಿತ್ತು.

“ಅಲ್ಲೆ ಬ್ಯಾಡ,” ಅಂದಳು. “ನೀ ಮುಂದ ಹೋಗು.”

ಮುಂದೆ ಹೋಗಿ ಕಾಕಾನ ಪಕ್ಕದಲ್ಲಿ ತೂರಿಕೊಂಡು ಕುಳಿತೆ.

“ಯಾಕೋ, ಹಿಂದ ಜಾಗಾ ಇಲ್ಲೇನು?” ಅಂದರು ಕಾಕಾ.

“ಇಲ್ರಿ ಕಾಕಾ,” ಅಂದೆ.