ಗ್ರಹಣ ಬಿಡುವ ಮೊದಲೇ ಮಾಡಿಸಿದ ಸ್ನಾನ

ಭೌತಶಾಸ್ತ್ರ ಕಲಿಸುವವರಿಗೆ ಒಂದು ರೋಗವಿದೆ. ಯಾರು ಏನು ಕೇಳಿದರೂ ಉತ್ತರ ನಮ್ಮ ಜೇಬಿನಲ್ಲೇ ಇದೆ ಎಂದುಕೊಳ್ಳುವುದು. ನನಗೂ ಇದೆ, ವಾಸಿ ಮಾಡಿಕೊಳ್ಳುವ ಇರಾದೆ ಇಲ್ಲ.

ಚಳಿಗಾಲದ ಆ ಸೂರ್ಯಗ್ರಹಣದ ಬೆಳಿಗ್ಗೆ ರಾಯಚೂರಿನ ಮನೆಯಲ್ಲಿ ಇದ್ದದ್ದು ನಾನು, ನನ್ನ ಅತ್ತೆ ಇಬ್ಬರೇ. ಅತ್ತೆ ಮಾನ್ವಿಯವರು, ಮಡಿಯಲ್ಲಿ ಬೆಳೆದವರು. ಗ್ರಹಣ ಬಿಟ್ಟ ಮೇಲೆ ಮೋಕ್ಷಸ್ನಾನ ಆಗಲೇಬೇಕು; ಅಲ್ಲಿಯವರೆಗೆ ಒಲೆ ಹತ್ತುವಂತಿಲ್ಲ, ಬಾಯಿಗೆ ಹನಿ ನೀರಿಲ್ಲ. ಹಾಗಾಗಿ ಸ್ನಾನಕ್ಕೂ ತಣ್ಣೀರೇ. ನಾನು ದೇವದುರ್ಗದವಳು, ಯರಗೇರಾಕ್ಕೆ ಬಸ್ಸಿನಲ್ಲಿ ಹೋಗಿ ಪಾಠ ಮಾಡುವವಳು. ಅಂದು ಬೆಳಿಗ್ಗೆ ಎದ್ದವಳೇ ಅವಲಕ್ಕಿ ತಿಂದಿದ್ದೆ.

ಅವರು ಪಂಚಾಂಗಕ್ಕೆ ಕೈ ಚಾಚಿದಾಗ ನಾನೇ ತಡೆದೆ.

"ಅದ್ಯಾಕ್ರೀ ಅತ್ತಿ? ರೇಡಿಯೋದಾಗ ನೇರ ಪ್ರಸಾರ ಅದ. ರೇಡಿಯೋ ಅಲೆ ಬೆಳಕಿನಷ್ಟ ಜೋರು ಓಡತದ. ಬಿಟ್ಟಿತು ಅಂದ ಕೂಡಲೇ ನೀರು ಹಾಕ್ಕೋರಿ."

ಕರಾವಳಿಯ ಯಾವುದೋ ಗುಡಿಯಿಂದ ಮಾತಾಡುತ್ತಿದ್ದವರು "ಮೋಕ್ಷವಾಯಿತು" ಎಂದರು. ಬಚ್ಚಲಿನಲ್ಲಿ ತಂಬಿಗೆಯ ಸದ್ದಾಯಿತು. ಒದ್ದೆ ಸೀರೆಯಲ್ಲೇ ಅಂಗಳಕ್ಕೆ ಬಂದ ಅತ್ತೆ, ಬಿಟ್ಟ ಸೂರ್ಯನನ್ನು ನೋಡಲೆಂದು ನನ್ನ ಗ್ರಹಣದ ಕನ್ನಡಕವನ್ನು ತಮ್ಮ ಕನ್ನಡಕದ ಮೇಲೇ ಏರಿಸಿದರು.

"ಇನ್ನೂ ಬಿಟ್ಟಿಲ್ಲಲ್ಲವಾ! ಒಂದು ಮೂಲಿ ಕರ್ರಗ ಅದ. ನಿನ್ನ ರೇಡಿಯೋ ಬೆಳಕಿಗಿಂತ ಮೊದಲ ಬಂತು ನೋಡು."

ನನ್ನ ರೋಗ ಕೆರಳಿತು.

"ಸಾಧ್ಯನ ಇಲ್ರೀ. ರೇಡಿಯೋ ಅಲೆನೂ ಬೆಳಕಿನ ಜಾತೀದ, ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಇಬ್ರೂ ಒಂದ ಬಸ್ಸಿನಾಗ ಕುಂತವ್ರು. ಒಬ್ರನ್ನ ಬಿಟ್ಟು ಒಬ್ರು ಮುಂದ ಹೆಂಗ ಹೋಗ್ತಾರ? ಸೂರ್ಯನ ಬಗಲಾಗ ಕುಂತು ಯಾರರ ರೇಡಿಯೋದಾಗ ಹೇಳಿದ್ರೂ, ಸುದ್ದಿ, ಬಿಸಿಲು ಎರಡೂ ಎಂಟು ನಿಮಿಷಕ್ಕ ಕೂಡೇ ಬರತಾವ."

"ಹಂಗಾದ್ರ ಗ್ರಹಣ ಯಾಕ ಬಿಟ್ಟಿಲ್ಲ?"

ಆಗ ಹೊಳೆಯಿತು. ಬೆಳಕಿನ ತಪ್ಪಲ್ಲ, ರೇಡಿಯೋದ್ದೂ ಅಲ್ಲ. ಚಂದ್ರನ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತದೆ. ಕರಾವಳಿಯನ್ನು ಬಿಟ್ಟ ಮೇಲೂ ರಾಯಚೂರಿನ ಮೇಲೆ ಕೆಲವು ನಿಮಿಷ ಉಳಿಯುತ್ತದೆ. ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ಬಂದಿತ್ತು, ನಿಜವೂ ಆಗಿತ್ತು. ಆದರೆ ಅದು ಅವರೂರಿನ ಸುದ್ದಿ. ನೆರಳಿನ ಆ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು! ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

ಅತ್ತೆ ಪಂಚಾಂಗ ತೆರೆಸಿದರು. ಗ್ರಹಣದ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ರಾಯಚೂರಿನ ಮೋಕ್ಷಕಾಲ ಬರೆದಿತ್ತು. ಎರಡು ದಿನ ಮೊದಲೇ ಗುಡಿಗೆ ನಡೆದುಹೋಗಿ ಅರ್ಚಕರಿಂದ ಬರೆಸಿಕೊಂಡು ಬಂದಿದ್ದರಂತೆ. ಗಡಿಯಾರ ನೋಡಿದೆ. ಇನ್ನೂ ಮೂರು ನಿಮಿಷವಿತ್ತು.

"ಇಷ್ಟು ಬರೆಸ್ಕೊಂಡು ಬಂದು ಒಂದ್ಸಲ ನೋಡಬಾರದಿತ್ತೇನ್ರೀ?"

"ಓದಿದಾಕಿ ನೀನ ಹೇಳಿದ ಮ್ಯಾಲೆ ಮತ್ತ್ಯಾಕ ನೋಡಲಿ?"

ಕ್ಲಾಸಿನಲ್ಲಿ ತಪ್ಪು ಲೆಕ್ಕ ಮಾಡಿ ಸಿಕ್ಕಿಬಿದ್ದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

ಎರಡನೆಯ ಸ್ನಾನಕ್ಕೆ ನಾನೇ ತಂಬಿಗೆ ಹಿಡಿದು ನಿಂತೆ. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

"ಬೆಳಕಿನ ಮುಂದ ಯಾರೂ ಹೋಗಂಗಿಲ್ಲ ಅಂದ್ಯಲ್ಲ, ಅದಾದ್ರೂ ಖರೇ ಏನವಾ?"

"ಅದು ಖರೇ ಅದ್ರೀ."

"ಹಂಗಾದ್ರ ಹೊರಗ ಹೋಗಿ ನೀನ ನೋಡಿ ಬಾ. ಬಿಟ್ಟದ ಅಂದ್ರ ನೀರು ಹಾಕು."